ವಿಲ್ ಬರೆಸಬೇಕು, ವಕೀಲರನ್ನು ಎಲ್ಲಿ ಹುಡುಕೋದು?



ಸಂಘದಿಂದ ಸಾಲ ತೆಗೆದು ಸೈಟು ಕೊಂಡವರು, ಮನೆಗೆ ತಾರಸಿ ಹಾಕಿಸಿದವರು, ಮಗಳ ಹೆಸರಲ್ಲಿ ಡಿಪಾಸಿಟ್ ಇಟ್ಟವರು ನಮ್ಮಲ್ಲೇ ಇದ್ದಾರೆ. ಆದರೆ ‘ನನ್ನ ನಂತರ ಇದು ಯಾರಿಗೆ?’ ಅನ್ನೋ ಪ್ರಶ್ನೆ ಬಂದ ಕೂಡಲೇ ‘ಬಿಡಿ ಅಕ್ಕಾ, ಸಾಯೋ ಮಾತು ಯಾಕೆ’ ಅಂತ ಸುಮ್ಮನಾಗುತ್ತೇವೆ.

ಸುಮ್ಮನಾದರೆ ಏನಾಗುತ್ತೆ ನೋಡಿ. 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ಹಿಂದೂ ಮಹಿಳೆಯ ಪ್ರಕರಣ ತೀರ್ಮಾನವಾಯಿತು. 1955ರಲ್ಲಿ ಮದುವೆ, ಮೂರೇ ತಿಂಗಳಲ್ಲಿ ಹಾವು ಕಚ್ಚಿ ಗಂಡ ತೀರಿಕೊಂಡ. ಗಂಡನ ಮನೆಯವರು ಆಕೆಯನ್ನು ಹೊರಗೆ ಹಾಕಿದರು. ತವರಿನವರು ಓದಿಸಿದರು, ಆಕೆ ನೌಕರಿ ಹಿಡಿದು ದುಡಿದು ಹಣ ಕೂಡಿಟ್ಟರು. 1996ರಲ್ಲಿ ವಿಲ್ ಬರೆಯದೇ ತೀರಿಕೊಂಡರು. ಆ ಹಣ ಹೆತ್ತ ತಾಯಿಯ ಕಡೆಗೆ ಬರಲಿಲ್ಲ, ಗಂಡನ ಅಕ್ಕತಂಗಿಯ ಮಕ್ಕಳಿಗೆ ಹೋಯಿತು! ಮಕ್ಕಳಿಲ್ಲದ ಹಿಂದೂ ವಿಧವೆ ತಾನೇ ದುಡಿದು ಗಳಿಸಿದ್ದು ಮೊದಲು ಗಂಡನ ವಾರಸುದಾರರಿಗೆ ಅಂತ 1956ರ ಕಾನೂನು ಹೇಳುತ್ತದೆ. ಒಂದು ಹಾಳೆ ವಿಲ್ ಇದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ವಿಲ್‌ಗೆ ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. ಸ್ಟ್ಯಾಂಪ್ ಡ್ಯೂಟಿ ಇಲ್ಲ. ನೀವು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ನೋಡಿದ ಇಬ್ಬರು ಸಾಕ್ಷಿಗಳು ನಿಮ್ಮೆದುರೇ ಸಹಿ ಮಾಡಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿಯಾಗಿ ನಿಲ್ಲಿಸಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಹಾಗಾದರೆ ವಕೀಲರು ಯಾಕೆ? ಜಾಗ ಇನ್ನೂ ಭಾಗವಾಗದ ಪಿತ್ರಾರ್ಜಿತವಾಗಿದ್ದರೆ, ಖಾತೆ ಮಾವನ ಹೆಸರಲ್ಲೇ ಇದ್ದರೆ, ಬುದ್ಧಿಮಾಂದ್ಯ ಮಗು ಇದ್ದರೆ ನಾವೇ ಬರೆದುಕೊಂಡದ್ದು ಮುಂದೆ ಜಗಳಕ್ಕೆ ದಾರಿ. ಕಾನೂನು ಧರ್ಮದ ಪ್ರಕಾರ ಬೇರೆ ಬೇರೆ ಇದೆ. ಮುಸ್ಲಿಂ ಸಹೋದರಿಯರು ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಾತ್ರ ವಿಲ್ ಬರೆಯಬಹುದು. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಬರೆದ ವಿಲ್ ಮದುವೆಯಾದ ಮೇಲೆ ನಡೆಯುವುದಿಲ್ಲ.

ವಕೀಲರು ಪೇಪರಿನಲ್ಲಿ ಜಾಹೀರಾತು ಕೊಡುವಂತಿಲ್ಲ, ಅದು ಅವರ ನಿಯಮ. ಆದ್ದರಿಂದ ಕೇಳಿಯೇ ಹುಡುಕಬೇಕು. ಮೊದಲು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ಮಹಿಳೆಯರಿಗೆ ಅಲ್ಲಿ ಉಚಿತ ಕಾನೂನು ನೆರವು ಇದೆ, ಆದಾಯ ಎಷ್ಟೇ ಇರಲಿ. ಸಲಹೆ ಕೇಳಿ, ವಿಲ್ ಬರೆದುಕೊಡಲು ಸಹಾಯ ಸಿಗುತ್ತದೆಯೇ ಎಂದೂ ವಿಚಾರಿಸಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಖಾಸಗಿ ವಕೀಲರೇ ಬೇಕೆಂದರೆ, ಆಸ್ತಿ ಪತ್ರದ ಕೆಲಸ ಮಾಡಿಸಿಕೊಂಡ ಸಂಘದವರನ್ನು ಕೇಳಿ. ಕ್ರಿಮಿನಲ್ ಕೇಸಿನಲ್ಲಿ ಹೆಸರು ಮಾಡಿದವರಿಗೆ ವಿಲ್ ಕೆಲಸ ಅಷ್ಟು ರೂಢಿ ಇಲ್ಲದಿರಬಹುದು.

ಇನ್ನು ಫೀಸು. ಇದರಲ್ಲಿ ನಾವು ಸಂಕೋಚ ಪಡುತ್ತೇವೆ. ತರಕಾರಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು ವಕೀಲರ ಮುಂದೆ ‘ಎಷ್ಟಾಗುತ್ತೆ ಸಾರ್?’ ಅಂತ ಕೇಳಲು ಬಾಯಿ ಬಿಡುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಕೇಳಿ: ವಕೀಲರ ಫೀಸು ಎಷ್ಟು, ಟೈಪಿಂಗ್ ಎಷ್ಟು, ನೋಂದಣಿಗೆ ಎಷ್ಟು, ಎಲ್ಲ ಬೇರೆ ಬೇರೆ. ಇಬ್ಬರ ಹತ್ತಿರ ವಿಚಾರಿಸಿದರೆ ತಪ್ಪೇನಿಲ್ಲ. ಅರ್ಧ ಮುಂಗಡ ಕೊಡಿ, ಉಳಿದದ್ದು ಕನ್ನಡದಲ್ಲಿ ಪೂರ್ತಿ ಓದಿಸಿ ಕೇಳಿದ ಮೇಲೆ. ರಶೀದಿ ಪಡೆಯಿರಿ. ‘ಆಸ್ತಿಯಲ್ಲಿ ಇಷ್ಟು ಪಾಲು ಕೊಡಿ’ ಅಂತ ವಕೀಲರು ಕೇಳುವಂತಿಲ್ಲ. ಕ್ರಯಪತ್ರ, ಪಹಣಿ, ಖಾತೆ ಎಲ್ಲದರ ಜೆರಾಕ್ಸ್ ಕೊಡಿ, ಅಸಲು ನಿಮ್ಮ ಹತ್ತಿರವೇ ಇರಲಿ.

ಒಂದು ಮಾತು ಒತ್ತಿ ಹೇಳಬೇಕು. ಫೀಸನ್ನು ನೀವೇ ಕೊಡಿ, ಸಂಘದಿಂದ ಸಣ್ಣ ಸಾಲ ತೆಗೆದಾದರೂ ಸರಿ. ಮಗನೋ ಮೈದುನನೋ ವಕೀಲರನ್ನು ಕರೆತಂದು ಅವರೇ ಹಣ ಕೊಟ್ಟರೆ, ವಕೀಲರು ಯಾರ ಮಾತು ಕೇಳಿಯಾರು? ‘ಅಮ್ಮಾ, ವಿಲ್ ಯಾಕೆ, ದಾನಪತ್ರ ಮಾಡಿಬಿಡೋಣ’ ಅನ್ನುತ್ತಾರೆ. ದಾನಪತ್ರ ನೋಂದಣಿಯಾದರೆ ಆಸ್ತಿ ಅವತ್ತೇ ಕೈ ಬಿಟ್ಟಿತು. ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆಸಿರದಿದ್ದರೆ ವಾಪಸ್ ಪಡೆಯಲು ಬಹಳ ಕಷ್ಟ. ವಿಲ್ ಹಾಗಲ್ಲ. ನೀವು ಬದುಕಿರುವ ತನಕ ಮನೆ ನಿಮ್ಮದೇ, ಮನಸ್ಸು ಬದಲಾದರೆ ವಿಲ್ಲನ್ನೂ ಬದಲಿಸಬಹುದು. ಆದ್ದರಿಂದ ವಕೀಲರ ಹತ್ತಿರ ಒಬ್ಬರೇ ಕೂತು ಮಾತಾಡಿ, ಮನೆಯವರು ಸ್ವಲ್ಪ ಹೊತ್ತು ಹೊರಗೆ ಕಾಯಲಿ. ‘ಇದು ವಿಲ್ಲೋ, ದಾನಪತ್ರವೋ, ಜಿ.ಪಿ.ಎ.ಯೋ?’ ಎಂದು ಬಾಯಿಬಿಟ್ಟು ಕೇಳಿ. ಉತ್ತರ ಸ್ಪಷ್ಟವಾಗದಿದ್ದರೆ ಹೆಬ್ಬೆಟ್ಟು ಒತ್ತಬೇಡಿ, ‘ನಾಳೆ ಬರ್ತೀನಿ’ ಅಂತ ಎದ್ದು ಬನ್ನಿ.

ವಿಲ್ ಆದ ಮೇಲೆ ಅದನ್ನು ಟ್ರಂಕಿನ ತಳದಲ್ಲಿಟ್ಟು ಮರೆಯಬೇಡಿ. ಎಲ್ಲಿದೆ ಅಂತ ನಂಬಿಕೆಯ ಒಬ್ಬರಿಗಾದರೂ ಗೊತ್ತಿರಲಿ.