ಗಂಟು ಎಣಿಸುತ್ತ ಕಳೆದ ಪ್ರಯಾಣ

ರೈಲಿನ ಪ್ರಯಾಣ ಸುಖಕರವೆಂದು ಹೇಳುವವರು ಬಹುಶಃ ಹತ್ತಿದ ಗಾಡಿಯಲ್ಲಿಯೇ ಕುಳಿತು ಊರು ಮುಟ್ಟಿದವರಿರಬೇಕು. ನಡುವೆ ಇಳಿದು, ಮತ್ತೊಂದು ಗಾಡಿಗೆ ಕಾದು, ಪ್ರತಿ ಸಲವೂ ಗಂಟುಗಳನ್ನು ಎಣಿಸಿ ಹತ್ತಿದವರ ಅನುಭವವೇ ಬೇರೆ. ಇಡೀ ರಾತ್ರಿ ಕುಳಿತುದಕ್ಕಿಂತ ಆ ಒಂದು ಗಳಿಗೆಯೇ ಮೈಯನ್ನು ಹಣ್ಣು ಮಾಡುತ್ತದೆ.

ಹುಬ್ಬಳ್ಳಿ-ಧಾರವಾಡದ ಹಿರಿಯರಿಗೆ ಮಿರಜ್ ಎಂದೊಡನೆ ಇದು ನೆನಪಾದೀತು. ಪುಣೆ-ಮಿರಜ್ ಮಾರ್ಗ 1971ರಲ್ಲಿಯೇ ಬ್ರಾಡ್‌ಗೇಜ್ ಆಯಿತು. ಮಿರಜಿನಿಂದ ನಮ್ಮ ಕಡೆಗೆ ಮಾತ್ರ ಮೀಟರ್‌ಗೇಜ್ 1990ರ ದಶಕದವರೆಗೂ ಉಳಿಯಿತು. ಒಂದು ಹಳಿಯ ಅಗಲ 1,676 ಮಿಲಿಮೀಟರ್, ಇನ್ನೊಂದರದು 1,000. ಈ ಮೊಳದುದ್ದದ ಅಂತರವನ್ನು ಗಾಡಿ ದಾಟಲಾರದು. ಆದುದರಿಂದ ಮುಂಬಯಿಗೆ ಹೊರಟವರು ತಾವೇ ಗಂಟು ಹೊತ್ತು ದಾಟಬೇಕಾಗುತ್ತಿತ್ತು.

1984ರಲ್ಲಿ ನಾವು ಹಾಗೆ ದಾಟಿದೆವು. ತಾಯಿಯವರ ಹೃದಯದ ಕವಾಟಕ್ಕೆ ಮುಂಬಯಿಯಲ್ಲಿ ಚಿಕಿತ್ಸೆಯಾಗಬೇಕಿತ್ತು. ಭಾರ ಎತ್ತಕೂಡದೆಂದು ವೈದ್ಯರ ಕಟ್ಟಪ್ಪಣೆ. ನಮ್ಮ ಸಾಮಾನೋ, ಒಟ್ಟು ಒಂಬತ್ತು: ಕಬ್ಬಿಣದ ಟ್ರಂಕು, ಹಾಸಿಗೆಯ ಸುರುಳಿ, ಸೀಮೆಎಣ್ಣೆಯ ಸ್ಟೋವು, ಕಟಕ ರೊಟ್ಟಿ-ಶೇಂಗಾ ಚಟ್ನಿಯ ಬುತ್ತಿ, ನೀರಿನ ತಂಬಿಗೆ, ಬಟ್ಟೆಯ ಎರಡು ಚೀಲ, ಇಳಿದುಕೊಳ್ಳುವ ಮನೆಯವರಿಗೆಂದು ಜೋಳದ ಹಿಟ್ಟು, ಕೊನೆಗೆ ಆಸ್ಪತ್ರೆಯ ಕಾಗದಗಳ ಕೈಚೀಲ. (ಮುಂಬಯಿಯಲ್ಲಿ ಜೋಳದ ಹಿಟ್ಟು ಸಿಗದೆಂದು ನಮಗಾರು ಹೇಳಿದ್ದರೋ ತಿಳಿಯದು.)

ಮಿರಜಿನಲ್ಲಿ ಹಮಾಲ ಟ್ರಂಕನ್ನೂ ಸುರುಳಿಯನ್ನೂ ಹೊತ್ತು ಮುಂದೆ ನಡೆದ. ತಂದೆಯವರು ಅವನ ಹಿಂದೆ. ಬೆಂಚಿನ ಮೇಲೆ ಕುಳಿತು ತಾಯಿ ಬೆರಳು ಮಡಚಿ ಎಣಿಸಿದರು, ಎಂಟೇ ಬಂದಿತು. ಮತ್ತೆ ಎಣಿಸಿದರು. ಇಲ್ಲದ್ದು ಕಾಗದಗಳ ಚೀಲ. ಬಂದ ಗಾಡಿಯ ಕಿಟಕಿಯ ಕೊಂಡಿಗೆ ನಾನೇ ಅದನ್ನು ತೂಗುಹಾಕಿದ್ದೆ. ತಂದೆಯವರು ಮರಳಿ ಓಡಿದರು. ತಾಯಿ ಏಳಲು ಹೋಗಿ, ಉಸಿರು ಸಾಲದೆ ನನ್ನ ಭುಜ ಹಿಡಿದು ಕುಳಿತರು. ಮುಂಬಯಿಯ ಗಾಡಿ ಬಂದು ನಿಂತಿತು. ಹದಿನಾಲ್ಕು ವಯಸ್ಸಿನ ನನಗೆ ಚೀಲಗಳನ್ನು ಕಾಯಬೇಕೋ, ತಾಯಿಯನ್ನು ಹಿಡಿದುಕೊಳ್ಳಬೇಕೋ ತಿಳಿಯಲಿಲ್ಲ. ಚೀಲವನ್ನು ಎದೆಗವಚಿಕೊಂಡು ತಂದೆಯವರು ಬಂದಾಗ ತಾಯಿ ಕೇಳಿದ್ದು, "ಈಗ ಒಂಬತ್ತಾದುವೇ?" ಎಂದು. ಆ ರಾತ್ರಿ ಪ್ರತಿ ನಿಲ್ದಾಣದಲ್ಲಿಯೂ ಅವರು ಕಣ್ಣು ತೆರೆದು ಎಣಿಸಿದರು. ಚಿಕಿತ್ಸೆ ಫಲಿಸಿತು, ಬಹುಕಾಲ ಬಾಳಿದರು; ಆದರೆ ಆ ದಾರಿಯಲ್ಲಿ ಕಿಟಕಿಯ ಹೊರಗೆ ಏನಿತ್ತೆಂದು ಅವರು ಎಂದೂ ಹೇಳಲಿಲ್ಲ.

ಇಂದು ಹಳಿಗಳು ಒಂದಾಗಿವೆ, ಚೀಲಗಳಿಗೆ ಗಾಲಿಗಳು ಬಂದಿವೆ. ಆದರೆ ಮೇಲ್ಸೇತುವೆಯ ಮೆಟ್ಟಿಲಿಗೆ ಗಾಲಿ ಉಪಯೋಗವಿಲ್ಲ. ಸ್ಲೀಪರ್ ದರ್ಜೆಯವರು 40 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಬಹುದೆನ್ನುತ್ತದೆ ನಿಯಮ. ಅರವತ್ತು ದಾಟಿದವರ ತೋಳು ಎಷ್ಟು ಒಯ್ದೀತೆಂದು ಅದು ಕೇಳುವುದಿಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ ಪ್ಲಾಟ್‌ಫಾರಂ 1,507 ಮೀಟರ್ ಉದ್ದವಿದ್ದು, ವಿಶ್ವದಲ್ಲಿಯೇ ಅತಿ ಉದ್ದನೆಯದೆಂದು ನಮಗೆಲ್ಲ ಹೆಮ್ಮೆ. ಕೈಯಲ್ಲಿ ಎರಡು ಚೀಲ ಹಿಡಿದು, ನಮ್ಮ ಡಬ್ಬಿ ಆ ತುದಿಯಲ್ಲಿದೆಯೆಂದು ತಿಳಿದಾಗ ಹೆಮ್ಮೆ ತುಸು ಕುಗ್ಗುತ್ತದೆ.

ಕಳೆದ ದೀಪಾವಳಿಗೆ ಮಗಳ ಮನೆಗೆ ಹೊರಟಾಗ ನಡುವೆ ಗಾಡಿ ಬದಲಿಸಬೇಕಾಯಿತು. ಮನೆಯವರು ಬೆಂಚಿನ ಮೇಲೆ ಕುಳಿತು ಬೆರಳು ಮಡಚುತ್ತಿದ್ದರು. ಲೆಕ್ಕಕ್ಕೆ ಒಂದು ಕಡಿಮೆ ಬಂದು ಮುಖ ಬಾಡಿತು. ಅದು ನನ್ನ ಕೈಯಲ್ಲಿಯೇ ಇತ್ತು, ಎತ್ತಿ ತೋರಿಸಿದೆ.