ತೆಂಗಿನ ಸೀಮೆಯಲ್ಲಿ ಮನೆಯಲ್ಲೇ ಮಾಡುವ ಗಾಳಿಯಂತ್ರ: ತಪ್ಪು ಕಲ್ಪನೆ ಮತ್ತು ಸತ್ಯ

ಗುಜರಿಯಲ್ಲಿ ಸಿಕ್ಕ ಮೋಟಾರು, ಪಿವಿಸಿ ಪೈಪು ಸೀಳಿ ಮಾಡಿದ ಮೂರು ರೆಕ್ಕೆ, ಎತ್ತಿ ನಿಲ್ಲಿಸಲು ಒಂದು ಕಬ್ಬಿಣದ ಕಂಬ. ಸಣ್ಣ ಗಾಳಿಯಂತ್ರಕ್ಕೆ ಇಷ್ಟು ಸಾಕು ಎಂದು ತೋರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಯಂತ್ರದಿಂದ ವಿದ್ಯುತ್ತು ಬರುತ್ತದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಅದನ್ನು ನಿಲ್ಲಿಸುವ ಜಾಗ. ಯಂತ್ರದ ಕುಸುರಿ ಆಮೇಲಿನ ಮಾತು.

ತಪ್ಪು ಕಲ್ಪನೆ: ತೆಂಗಿನ ಸೋಗೆ ತೂಗಾಡುತ್ತಿದ್ದರೆ ತೋಟದಲ್ಲಿ ಬೇಕಾದಷ್ಟು ಗಾಳಿಯಿದೆ.

ಸೋಗೆ ತೂಗುವುದು ಮರದ ತಲೆಯಲ್ಲಿ. ಈ ಸೀಮೆಯ ಎತ್ತರದ ತಳಿ, ಅಂದರೆ ತಿಪಟೂರು ಟಾಲ್, ಹಳತಾದಾಗ 20 ಮೀಟರ್‌ವರೆಗೆ ಬೆಳೆಯುತ್ತದೆ. ಅದರ ಸುಳಿಗೆ ಬಡಿಯುವ ಗಾಳಿ ಬುಡದ ಹತ್ತಿರ ಬರುವಷ್ಟರಲ್ಲಿ ಬಲ ಕಳೆದುಕೊಂಡು ಚದುರಿರುತ್ತದೆ. ಗಾಳಿಯಲ್ಲಿರುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ತೋಟದೊಳಗಿನ ಯಂತ್ರ ಸೋಲುವುದು ಈ ಒಂದೇ ಲೆಕ್ಕದಲ್ಲಿ.

ಸುತ್ತ ನೂರು ಮೀಟರ್ ಒಳಗಿನ ಯಾವುದೇ ಮರ, ಕಟ್ಟಡಕ್ಕಿಂತ ಕನಿಷ್ಠ 9 ಮೀಟರ್ ಮೇಲೆ ರೆಕ್ಕೆಗಳು ತಿರುಗಬೇಕು ಎಂಬುದು ಗಾಳಿಯಂತ್ರ ಕಟ್ಟುವವರು ಪಾಲಿಸುವ ನಿಯಮ. 20 ಮೀಟರ್ ತೆಂಗಿನ ನಡುವೆ ಹಾಗೆ ಮಾಡಲು ಸುಮಾರು 30 ಮೀಟರ್ ಕಂಬ ಬೇಕು, ಯಂತ್ರಕ್ಕಿಂತ ಕಂಬವೇ ದುಬಾರಿಯಾಗುತ್ತದೆ. ಮರಗಳ ಸಾಲು ದಾಟಿದ ಮೇಲೂ ಗಾಳಿ ಬೇಗ ಸರಿಹೋಗುವುದಿಲ್ಲ. ಮರದ ಎತ್ತರದ 20 ಪಟ್ಟು ದೂರದವರೆಗೆ, ಅಂದರೆ ಇಲ್ಲಿ 400 ಮೀಟರ್‌ವರೆಗೆ, ಅದು ಕಲಕಿರಬಹುದು. ಮುಂಗಾರಿನ ಜೋರು ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಆದ್ದರಿಂದ ಪಶ್ಚಿಮಕ್ಕೆ ರಾಗಿ ಹೊಲವೋ ಬೋಳು ದಿಬ್ಬವೋ ಇರುವ ಎತ್ತರದ ಜಾಗವೇ ಸರಿಯಾದದ್ದು. ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ದೊಡ್ಡ ಗಾಳಿಯಂತ್ರಗಳು ಗುಡ್ಡದ ನೆತ್ತಿಯ ಮೇಲೆ ನಿಂತಿರುವುದಕ್ಕೂ ಇದೇ ಕಾರಣ.

ತಪ್ಪು ಕಲ್ಪನೆ: ತೆಂಗಿನ ಮರಕ್ಕೇ ಕಟ್ಟಿದರೆ ಕಂಬದ ಖರ್ಚು ಉಳಿಯುತ್ತದೆ.

ಮರ ತೂಗುತ್ತದೆ, ತೂಗುವ ಕಾಂಡದ ಮೇಲಿನ ಯಂತ್ರ ಗಾಳಿಗೆ ನೆಟ್ಟಗೆ ಮುಖ ಕೊಡಲಾರದು, ಬೇರಿಂಗು ಬೇಗ ಸವೆಯುತ್ತದೆ. ಮೊಳೆ, ಬೋಲ್ಟು ಹೊಡೆದ ಗಾಯ ಇನ್ನೂ ದೊಡ್ಡ ನಷ್ಟ ತರುತ್ತದೆ: ಕೆಂಪು ಮೂತಿ ಹುಳು ಮೊಟ್ಟೆಯಿಡಲು ಹುಡುಕುವುದೇ ಅಂಥ ಗಾಯಗಳನ್ನು. ಕೆಲವು ವಾಟ್ ವಿದ್ಯುತ್ತಿಗಾಗಿ ಫಲ ಕೊಡುವ ಮರವನ್ನು ಪಣಕ್ಕಿಡುವುದು ಯಾವ ರೈತನಿಗೂ ಒಪ್ಪುವ ಲೆಕ್ಕವಲ್ಲ. ಮನೆಯ ಚಾವಣಿಯೂ ಬೇಡ. ಅಲ್ಲಿ ಗಾಳಿ ಸುಳಿಸುಳಿಯಾಗಿರುತ್ತದೆ, ಯಂತ್ರದ ನಡುಕ ಗೋಡೆಗೆ ಇಳಿಯುತ್ತದೆ.

ತಪ್ಪು ಕಲ್ಪನೆ: ಗಾಳಿಯಂತ್ರ ಹಾಕಿದರೆ ಬೋರ್‌ವೆಲ್ ಮೋಟಾರು ಓಡುತ್ತದೆ.

ರೆಕ್ಕೆಗಳು 2 ಮೀಟರ್ ವ್ಯಾಸದ ವೃತ್ತ ಸುತ್ತುವ ಯಂತ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಾಳಿಯ ಶಕ್ತಿಯಲ್ಲಿ ಶೇಕಡ 59.3ಕ್ಕಿಂತ ಹೆಚ್ಚನ್ನು ಯಾವ ಯಂತ್ರವೂ ಹಿಡಿಯಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷಗಳ ಹಿಂದೆಯೇ ತೋರಿಸಿದರು. ಮನೆಯಲ್ಲಿ ಮಾಡಿದ್ದರಲ್ಲಿ ಕಾಲು ಪಾಲು ಕೈಗೆ ಬಂದರೆ ಒಳ್ಳೆಯ ಕೆಲಸ. ಹಾಗೆ ಲೆಕ್ಕ ಹಾಕಿದರೆ ಗಾಳಿ ಸೆಕೆಂಡಿಗೆ 4 ಮೀಟರ್ ಬೀಸುವಾಗ ಸಿಗುವುದು ಸುಮಾರು 28 ವಾಟ್, 8 ಮೀಟರ್ ಬೀಸುವಾಗ ಸುಮಾರು 220 ವಾಟ್. ಐದು ಎಚ್‌ಪಿ ಮೋಟಾರಿನ ಬಲವೇ 3,700 ವಾಟ್. ಅಷ್ಟಕ್ಕೆ ಜೋರು ಗಾಳಿಯಲ್ಲೂ 8 ಮೀಟರ್ ವ್ಯಾಸದ ರೆಕ್ಕೆ ಬೇಕು. ಸಣ್ಣ ಯಂತ್ರ ಒಪ್ಪವಾಗಿ ಮಾಡುವ ಕೆಲಸ ಬೇರೆ: ಎಲ್‌ಇಡಿ ದೀಪ, ಮೊಬೈಲು, ತೋಟದ ಮನೆಯ ಬ್ಯಾಟರಿ.

ಗಾಳಿಯಿಂದ ನೀರೆತ್ತಿದ್ದು ಸುಳ್ಳಲ್ಲ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1960ರ ದಶಕದಲ್ಲೇ ಡಬ್ಲ್ಯುಪಿ-2 ಎಂಬ ನೀರೆತ್ತುವ ಗಾಳಿಯಂತ್ರ ರೂಪಿಸಿತ್ತು. ಅದು ವಿದ್ಯುತ್ತಿನ ಹಂಗಿಲ್ಲದೆ ನೇರವಾಗಿ ಪಂಪನ್ನು ಆಡಿಸುತ್ತಿತ್ತು. ಅಂಥ ಯಂತ್ರಗಳಿಗೆ ಹೊಂದುವುದು ಕಡಿಮೆ ಆಳದ ತೆರೆದ ಬಾವಿ. ನೂರಾರು ಅಡಿ ಆಳದ ಕೊಳವೆಬಾವಿಗೆ ಆ ಲೆಕ್ಕ ಸಲ್ಲದು.

ತಪ್ಪು ಕಲ್ಪನೆ: ರೆಕ್ಕೆ ಹೆಚ್ಚಾದಷ್ಟೂ ವಿದ್ಯುತ್ತು ಹೆಚ್ಚು.

ಅಮೆರಿಕದ ಚಾರ್ಲ್ಸ್ ಬ್ರಷ್ 1888ರಲ್ಲಿ ಕಟ್ಟಿದ ಯಂತ್ರಕ್ಕೆ 17 ಮೀಟರ್ ವ್ಯಾಸ, 144 ರೆಕ್ಕೆ. ಉತ್ಪಾದನೆ ಕೇವಲ 12 ಕಿಲೋವಾಟ್. ಹೆಚ್ಚು ರೆಕ್ಕೆಯದು ನಿಧಾನವಾಗಿ ಬಲವಾಗಿ ತಿರುಗುತ್ತದೆ, ಪಂಪಿಗೆ ಅದು ಒಳ್ಳೆಯದು. ವಿದ್ಯುತ್ತಿಗೆ ವೇಗ ಬೇಕು, ಅದು ಮೂರು ರೆಕ್ಕೆಯಲ್ಲಿ ಸಿಗುತ್ತದೆ. ಡ್ರಮ್ಮು ಸೀಳಿ ನಿಲ್ಲಿಸುವ ಯಂತ್ರ ಯಾವ ದಿಕ್ಕಿನ ಗಾಳಿಗೂ ತಿರುಗುತ್ತದೆ ನಿಜ, ಆದರೆ ಸಾಧಾರಣ ಗಾಳಿಯಲ್ಲಿ ಅದರಿಂದ ಬರುವುದು ನಾಲ್ಕೈದು ವಾಟ್.

ತಪ್ಪು ಕಲ್ಪನೆ: ಹಳೆಯ ಸೀಲಿಂಗ್ ಫ್ಯಾನನ್ನು ತಿರುಗಿಸಿದರೆ ಕರೆಂಟು ಬರುತ್ತದೆ.

ಸಾಮಾನ್ಯ ಸೀಲಿಂಗ್ ಫ್ಯಾನಿನ ಮೋಟಾರಿನಲ್ಲಿ ಅಯಸ್ಕಾಂತವೇ ಇರುವುದಿಲ್ಲ, ಕೈಯಲ್ಲಿ ಎಷ್ಟು ತಿರುಗಿಸಿದರೂ ದೀಪ ಹತ್ತುವುದಿಲ್ಲ. ಕಾರಿನ ಆಲ್ಟರ್ನೇಟರು ಚಾರ್ಜು ಮಾಡಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಕೇಳುತ್ತದೆ. 2 ಮೀಟರ್ ಯಂತ್ರ ಸುತ್ತುವುದು 230ರಿಂದ 460ರಷ್ಟು. ನಿಧಾನಗತಿಗೆ ಹೊಂದುವುದು ನಿಯೋಡಿಮಿಯಂ ಅಯಸ್ಕಾಂತಗಳನ್ನು ತಟ್ಟೆಯ ಮೇಲೆ ಕೂರಿಸಿ, ಎದುರಿಗೆ ತಾಮ್ರದ ಸುರುಳಿ ಸುತ್ತಿ ಮಾಡುವ ಜನರೇಟರು. ಸ್ಕಾಟ್ಲೆಂಡಿನ ಹ್ಯೂ ಪಿಗಟ್ ಪ್ರಚಾರಕ್ಕೆ ತಂದ ಈ ವಿನ್ಯಾಸವನ್ನು ಆರೋವಿಲ್‌ನ ಮಿನ್‌ವಾಯು ತಂಡವೂ ಕಟ್ಟಿ ಕಲಿಸಿದೆ.

ತಪ್ಪು ಕಲ್ಪನೆ: ಬಿರುಗಾಳಿ ಬಂದಾಗ ವೈರು ಬಿಚ್ಚಿದರೆ ಯಂತ್ರ ಸುರಕ್ಷಿತ.

ನಂಬಿಕೆಗಳಲ್ಲೆಲ್ಲ ಅಪಾಯಕಾರಿಯಾದದ್ದು ಇದು. ರೆಕ್ಕೆಗೆ ತಡೆಯಾಗಿರುವುದು ವಿದ್ಯುತ್ತಿನ ಹೊರೆಯೇ. ಅದನ್ನು ಕಳಚಿದೊಡನೆ ಯಂತ್ರ ಹಿಡಿತ ತಪ್ಪಿ ಓಡುತ್ತದೆ. ಮಾಮೂಲಿ ಓಟದಲ್ಲೇ ರೆಕ್ಕೆಯ ತುದಿಯ ವೇಗ ಗಂಟೆಗೆ 170 ಕಿಲೋಮೀಟರ್ ಮುಟ್ಟುತ್ತದೆ, ಅದಕ್ಕಿಂತ ಮೇಲೆ ಹೋದರೆ ರೆಕ್ಕೆ ಮುರಿದು ಹಾರುತ್ತದೆ. ಬ್ಯಾಟರಿ ತುಂಬಿದ ಮೇಲೂ ಹೊರೆ ಉಳಿಯುವಂತೆ ಹೆಚ್ಚುವರಿ ವಿದ್ಯುತ್ತನ್ನು ಹೀಟರ್ ಸುರುಳಿಗೆ ಹರಿಸುವ ಕಂಟ್ರೋಲರು ಬೇಕು. ಗಾಳಿ ಮಿತಿಮೀರಿದಾಗ ಯಂತ್ರವನ್ನು ತಾನಾಗಿ ಓರೆ ಮಾಡುವ ಮಡಚುವ ಬಾಲವೂ ಬೇಕು. ಜನರೇಟರಿನ ಮೂರು ವೈರುಗಳನ್ನು ಒಂದಕ್ಕೊಂದು ಸೇರಿಸುವ ಸ್ವಿಚ್ಚು ಬ್ರೇಕಿನ ಕೆಲಸ ಮಾಡುತ್ತದೆ. ಅದನ್ನು ಹಾಕಬೇಕಾದದ್ದು ಗಾಳಿ ಜೋರಾಗುವ ಮೊದಲೇ.

ತಪ್ಪು ಕಲ್ಪನೆ: ಗಾಳಿಯಂತ್ರವಿದ್ದರೆ ಸೋಲಾರ್ ಬೇಡ.

ಆಷಾಢದಲ್ಲಿ ಮೋಡ ಕವಿದು ಪ್ಯಾನೆಲ್ ಸೊರಗುವಾಗ ಗಾಳಿ ಬೀಸುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಗಾಳಿ ಸೋತಿರುವ ದಿನಗಳು ಹೆಚ್ಚು. ಆದ್ದರಿಂದ ತೆರೆದ ಹೊಲದಲ್ಲಿ ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸುವುದು ಲೇಸು. ಸುತ್ತಲೂ ತೆಂಗು ಆವರಿಸಿದ ಮನೆಗೆ ನೆರಳಿಲ್ಲದ ಅಂಗಳದಲ್ಲೋ ಚಾವಣಿಯಲ್ಲೋ ಪ್ಯಾನೆಲ್ ಒಂದೇ ಸಾಕು.