ಹಗ್ಗ ಎಳೆದು ಕೈ ಸೋಲದ ಚೈನ್‌ಸಾ ಯಾವುದು?

ಪ್ರಶ್ನೆ: ತೋಟಕ್ಕೆ ಸುಲಭವಾಗಿ ಸ್ಟಾರ್ಟ್ ಆಗುವ ಚೈನ್‌ಸಾ ಬೇಕು. ಎಂಥದನ್ನು ಕೊಳ್ಳಲಿ?

ಉತ್ತರ: ಹಗ್ಗ ಎಳೆಯುವಾಗ ಕೈಗೆ ಎದುರು ನಿಲ್ಲುವುದು ಸಿಲಿಂಡರಿನೊಳಗಿನ ಗಾಳಿಯ ಒತ್ತಡ. ಎಂಜಿನ್ ದೊಡ್ಡದಾದಷ್ಟೂ ಎಳೆತ ಬಿಗಿ. ಕೊಂಬೆ ಸವರಲು, ಸೌದೆ ಕೊಯ್ಯಲು 35–40 ಸಿಸಿ ಸಾಕು. ‘ಇರಲಿ’ ಎಂದು 60 ಸಿಸಿ ತಂದರೆ ರಟ್ಟೆಗೇ ದಂಡ. ಸ್ಟಾರ್ಟರಿನಲ್ಲಿ ಸ್ಪ್ರಿಂಗ್ ಸಹಾಯವಿರುವ ಮಾದರಿಯಾದರೆ ನಿಧಾನವಾಗಿ ಎಳೆದರೂ ಹತ್ತಿಕೊಳ್ಳುತ್ತದೆ; ದೊಡ್ಡದೇ ಬೇಕಿದ್ದರೆ ಎಳೆಯುವಾಗ ಆ ಒತ್ತಡ ಇಳಿಸುವ ಡಿಕಂಪ್ರೆಶನ್ ವಾಲ್ವ್ ಇದೆಯೇ ನೋಡಿ. ಬ್ಯಾಟರಿಯದಕ್ಕೆ ಹಗ್ಗವೇ ಇಲ್ಲವಲ್ಲ ಎನ್ನಬಹುದು. ನಿಜ, ಮನೆ ಹತ್ತಿರದ ಸಣ್ಣ ಕೆಲಸಕ್ಕೆ ಅದೇ ಮೇಲು. ಕರೆಂಟಿಲ್ಲದ ತೋಟದಲ್ಲಿ ದಿನವಿಡೀ ಮರ ಕೊಯ್ಯಲು ಸಾಲದು. ಇನ್ನು, ಹಟ ಹಿಡಿಯುವ ಎಷ್ಟೋ ಚೈನ್‌ಸಾಗಳಲ್ಲಿ ಕೆಟ್ಟಿರುವುದು ಯಂತ್ರವಲ್ಲ, ಪೆಟ್ರೋಲ್. ಎಥೆನಾಲ್ ಬೆರೆತದ್ದು ತೇವ ಹೀರುತ್ತದೆ, ಹಳತಾದರೆ ಕಾರ್ಬ್ಯುರೇಟರಿನಲ್ಲಿ ಅಂಟಾಗುತ್ತದೆ. ಮಳೆಗಾಲಕ್ಕೆ ಎತ್ತಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ. ಅಂಗಡಿಯಲ್ಲಿ ತಣ್ಣಗಿರುವ ಯಂತ್ರವನ್ನು ನೀವೇ ಎಳೆದು ನೋಡದೆ ದುಡ್ಡು ಕೊಡಬೇಡಿ.